ಗುಡುಗು ಸಿಡಿಲಿನ ಹೊತ್ತಿನಲ್ಲಿ ಒಳಾಂಗಣ ಈಜುಕೊಳ

ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ, ಮಕ್ಕಳ ಬೇಸಿಗೆ ಈಜು ತರಗತಿಗಳು ನಡೆಯುವ ವೇಳೆಗೇ, ಬೆಂಗಳೂರು, ಮೈಸೂರುಗಳಲ್ಲಿ ಗುಡುಗು ಸಹಿತ ಮಳೆ ಬರುವುದುಂಟು. ತಲೆಯ ಮೇಲೆ ಚಾವಣಿ ಇದ್ದರೂ ಮೊದಲ ಗುಡುಗು ಕೇಳಿದೊಡನೆ ನೀರಿನಿಂದ ಹೊರಬರಬೇಕು. ಕಟ್ಟಡಕ್ಕೆ ಅಥವಾ ಅದರ ಸಮೀಪದಲ್ಲಿ ಸಿಡಿಲು ಬಡಿದರೆ ವಿದ್ಯುತ್ತು ತಂತಿ, ಲೋಹದ ಕೊಳವೆ ಮತ್ತು ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳ ಮೂಲಕ ಹರಿಯುತ್ತದೆ. ಕೊಳದ ಪಂಪು, ನೀರೊಳಗಿನ ದೀಪ, ಉಕ್ಕಿನ ಏಣಿಗಳಿಗೆ ಇವುಗಳ ಸಂಪರ್ಕವಿರುವುದರಿಂದ ಅದು ನೀರನ್ನೂ ತಲುಪಬಹುದು. ಲೋಹದ ಭಾಗಗಳನ್ನೆಲ್ಲ ಒಂದಕ್ಕೊಂದು ಜೋಡಿಸಿ ಸರಿಯಾಗಿ ಅರ್ಥಿಂಗ್ ಮಾಡಿದ ಕೊಳದಲ್ಲಿ ಅಪಾಯ ಬಹಳ ಕಡಿಮೆ ಎಂಬುದು ನಿಜ. ಆದರೆ ಆ ಕೆಲಸ ಸರಿಯಾಗಿದೆಯೇ ಎಂಬುದನ್ನು ಈಜುವವರು ಕಣ್ಣಿನಿಂದ ನೋಡಿ ತಿಳಿಯಲಾರರು, ಆದ್ದರಿಂದ ಅದನ್ನು ನಂಬಿ ಮಗುವನ್ನು ನೀರಿನಲ್ಲಿ ಬಿಡುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಹೊರಬಂದವರು ಷವರ್ ಸ್ನಾನಕ್ಕೆ ಹೋಗದೆ, ಮೈ ಒರೆಸಿಕೊಂಡು, ನಲ್ಲಿ ಹಾಗೂ ಲೋಹದ ಕಂಬಿಗಳನ್ನು ಮುಟ್ಟದೆ, ನೆಲ ಒಣಗಿರುವ ಕೊಠಡಿಯಲ್ಲಿ ಕಾಯಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆದ ಮೇಲಷ್ಟೇ ನೀರಿಗಿಳಿಯಬೇಕು. ನಡುವೆ ಮತ್ತೊಮ್ಮೆ ಗುಡುಗಿದರೆ ಲೆಕ್ಕವನ್ನು ಮೊದಲಿನಿಂದ ಹಿಡಿಯಬೇಕು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯು ರೂಪಿಸಿದ ‘ದಾಮಿನಿ’ ಆ್ಯಪ್ ಸುತ್ತಮುತ್ತಲಿನ ಸಿಡಿಲಿನ ಎಚ್ಚರಿಕೆ ಕೊಡುವುದರಿಂದ, ತರಬೇತುದಾರರು ತರಗತಿಗೆ ಮೊದಲೇ ಅದನ್ನು ನೋಡಿಕೊಳ್ಳಬೇಕು.