ಮನಸ್ಸು ಕುಗ್ಗಿದಾಗ ಮೊದಲ ಹೂ ಹುಡುಕುವುದು ಹೇಗೆ?

ಸಂಕ್ರಾಂತಿ ಮುಗಿದು ಒಂದೆರಡು ವಾರ ಕಳೆದರೆ ಸಾಕು, ನಮ್ಮ ಕಡೆ ಹೂವಿನ ಕಾಲ ಶುರು. ಪಂಚಾಂಗದ ವಸಂತ ಬರುವುದು ಯುಗಾದಿಗೆ, ಮರಗಳು ಅಷ್ಟು ದಿನ ಕಾಯುವುದಿಲ್ಲ. ಕೆರೆ ಇಳಿಯುತ್ತಿದೆ, ಹುಲ್ಲು ಒಣಗಿದೆ, ಮುಂಗಾರಿಗೆ ಇನ್ನೂ ನಾಲ್ಕು ತಿಂಗಳಿದೆ, ಅಂಥ ಹೊತ್ತಿನಲ್ಲೇ ಮುತ್ತುಗ, ಬೂರುಗ, ಹಾಲುವಾಣ ಎಲ್ಲ ಎಲೆ ಉದುರಿಸಿಕೊಂಡು ಹೂ ಬಿಡುತ್ತವೆ. ನಿಮಗೆ ಕೆಲಸ ಹೋಗಿರಬಹುದು, ಮನೆಯಲ್ಲಿ ಯಾರಿಗೋ ಹುಷಾರಿಲ್ಲದೆ ಆಸ್ಪತ್ರೆ ಓಡಾಟ ಇರಬಹುದು, ಇಲ್ಲವೇ ಕಾರಣವೇ ತಿಳಿಯದೆ ಬೇಜಾರಾಗಿರಬಹುದು. ಹೂ ನೋಡಿದರೆ ಅದೆಲ್ಲ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಮರ ಬೋಳಾಗಿದ್ದಾಗಿನಿಂದ ಅದನ್ನು ನೋಡುತ್ತಾ ಬಂದರೆ, ಮುಂದಿನ ವಾರ ಏನೋ ಒಂದು ಆಗಲಿಕ್ಕಿದೆ ಅಂತ ಕಾಯುವುದಕ್ಕೆ ಒಂದು ನೆಪ ಸಿಗುತ್ತದೆ. ಆ ನೆಪ ಹುಡುಕಿಕೊಳ್ಳುವ ಬಗೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮರ ಆರಿಸಿಕೊಳ್ಳಿ. ಒಂದೇ. ದಿನಾ ಹೋಗುವ ದಾರಿಯಲ್ಲೇ ಇರಬೇಕು, ಬಸ್ ಸ್ಟಾಪಿನ ಪಕ್ಕದ್ದಾದರೆ ಇನ್ನೂ ಒಳ್ಳೆಯದು. ಮನಸ್ಸು ಸರಿಯಿಲ್ಲದಾಗ ಭಾನುವಾರ ಎದ್ದು ಕಬ್ಬನ್ ಪಾರ್ಕಿಗೆ ಹೋಗುತ್ತೇನೆ ಅಂತ ಹೊರಟರೆ ಆಗುವ ಕೆಲಸ ಅಲ್ಲ ಅದು. ಬೆಂಗಳೂರಿನಲ್ಲಿ ಸುಲಭಕ್ಕೆ ಸಿಗುವುದು ಟಬೆಬುಯಾ ಮತ್ತು ಹೊಂಗೆ. ಬಯಲುಸೀಮೆಯ ಊರುಗಳಲ್ಲಿ ಮುತ್ತುಗ, ಬೇವು. ಮಲೆನಾಡಿನಲ್ಲಿ ಹಾಲುವಾಣ, ಬೂರುಗ. ಮಾವು ಎಲ್ಲ ಕಡೆಯೂ ಇದೆ. ಮರದ ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಹೂ ಬಂದ ಮೇಲೆ ಯಾರನ್ನಾದರೂ ಕೇಳಿದರಾಯಿತು.

ಈಗ ಮುಖ್ಯವಾದ ಮಾತು. ಹೂವಿಗಾಗಿ ಹುಡುಕಬೇಡಿ, ಮೊಗ್ಗಿಗಾಗಿ ಹುಡುಕಿ. ಮುತ್ತುಗವನ್ನೇ ತೆಗೆದುಕೊಳ್ಳಿ. ಜನವರಿ ಕೊನೆಗೆ ಅದರಷ್ಟು ಕುರೂಪಿ ಮರ ಇನ್ನೊಂದಿಲ್ಲ. ಸೊಟ್ಟ ಕೊಂಬೆ, ಊಟದ ಎಲೆ ಹಚ್ಚುತ್ತಿದ್ದ ಆ ಅಗಲ ಎಲೆಗಳೆಲ್ಲ ಉದುರಿ ಹೋಗಿರುತ್ತವೆ, ಸೌದೆಗೆ ಕಡಿಯಬಹುದೇನೋ ಅನ್ನಿಸುತ್ತದೆ. ಹತ್ತಿರ ಹೋಗಿ ನೋಡಿದರೆ ಕೊಂಬೆಯ ತುದಿಯಲ್ಲಿ ಕಪ್ಪಗೆ, ಮುಟ್ಟಿದರೆ ಮೆತ್ತಗೆ ರೋಮ ರೋಮವಾಗಿ ಸಾಲುಸಾಲು ಮೊಗ್ಗು. ಅಷ್ಟು ಕಪ್ಪು ಮೊಗ್ಗಿನೊಳಗಿಂದ ಅಷ್ಟು ಕೇಸರಿ ಬಣ್ಣ ಹೊರಬರುವುದನ್ನು ದಿನದಿನವೂ ನೋಡಿದವರಿಗೂ, ಒಂದು ದಿನ ಕಾರಿನ ಕಿಟಕಿಯಿಂದ ಪೂರ್ತಿ ಅರಳಿದ ಮರ ಕಂಡವರಿಗೂ ತುಂಬಾ ವ್ಯತ್ಯಾಸವಿದೆ. ಎರಡನೆಯವರಿಗೆ ಒಂದು ಫೋಟೋ ಸಿಗುತ್ತದೆ, ಅಷ್ಟೇ.

ಎಲೆ ಇಲ್ಲದ ಮರ ಹೂ ಬಿಡುವುದು ಹೇಗೆ ಅಂತ ಕೇಳಬಹುದು. ಎಲೆ ಉದುರಿಸುವುದು ಮರ ಸೋತಿದೆ ಅಂತಲ್ಲ, ನೀರು ಉಳಿಸುವ ಉಪಾಯ. ಎಲೆಯಿಂದ ಆವಿಯಾಗಿ ಹೋಗುವ ನೀರು ನಿಲ್ಲುತ್ತದೆ, ಮಳೆಗಾಲದಲ್ಲಿ ಮಾಡಿಟ್ಟ ಆಹಾರ ಕಾಂಡದಲ್ಲಿ, ಬೇರಿನಲ್ಲಿ ಕೂಡಿರುತ್ತದೆ, ಅದನ್ನು ತೆಗೆದು ಹೂವಿಗೆ ಖರ್ಚು ಮಾಡುತ್ತದೆ. ಎಲೆಯ ಮರೆ ಇಲ್ಲದ್ದರಿಂದ ಹಕ್ಕಿಗಳಿಗೆ ಹೂ ದೂರದಿಂದಲೇ ಕಾಣುತ್ತದೆ. ಬೂರುಗದ ಕೆಳಗೆ ಬೆಳಿಗ್ಗೆ ಏಳು ಗಂಟೆಗೆ ನಿಂತು ನೋಡಿ: ಗೊರವಂಕ, ಪಿಕಳಾರ, ಸೂರಕ್ಕಿ, ಅಳಿಲು, ಎಲ್ಲದರ ಜಗಳ. ದಪ್ಪ ಕೆಂಪು ಹೂ ಧೊಪ್ಪಂತ ತಲೆ ಮೇಲೆ ಬಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಮನೆಯ ಕುಂಡದಲ್ಲೋ ಹಿತ್ತಿಲಲ್ಲೋ ಒಣಗಿದಂತೆ ಕಾಣುವ ಗಿಡ ಇದ್ದರೆ ಕಿತ್ತು ಎಸೆಯುವ ಮುಂಚೆ ಒಂದು ಕೆಲಸ ಮಾಡಿ. ಸಣ್ಣ ಕೊಂಬೆಯ ತೊಗಟೆಯನ್ನು ಉಗುರಿನಿಂದ ಚೂರೇ ಚೂರು ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವ ಇದೆ. ಕಂದು ಬಣ್ಣವಿದ್ದು ಮುಟ್ಟಿದರೆ ಪುಡಿಯಾದರೆ ಇನ್ನೂ ಕೆಳಗೆ, ಬುಡದ ಹತ್ತಿರ ಕೆರೆದು ನೋಡಿ. ತುದಿ ಸತ್ತು ಬುಡ ಬದುಕಿರುವುದು ಎಷ್ಟೋ ಸಲ ಇರುತ್ತದೆ. ದುಂಡುಮಲ್ಲಿಗೆಯಂತೂ ಕತ್ತರಿಸಿದಷ್ಟೂ ಹೂ ಬಿಡುವ ಜಾತಿ, ಅದರ ಹೂ ಬರುವುದೇ ಹೊಸ ಚಿಗುರಿನಲ್ಲಿ. ನವೆಂಬರ್ ಕೊನೆಗೆ ಮೊಣಕಾಲೆತ್ತರಕ್ಕೆ ಕತ್ತರಿಸಿ ಗೊಬ್ಬರ ಕೊಟ್ಟರೆ ಬೇಸಿಗೆ ಶುರುವಿಗೆ ಮೊಗ್ಗು ಕಾಣಿಸುತ್ತದೆ. ಆ ಸಮಯ ತಪ್ಪಿದ್ದರೆ ಒಣಗಿದ ತುದಿಗಳನ್ನಷ್ಟೇ ಚಿವುಟಿ, ಬಿಸಿಲಿಗೆ ಇಡಿ. ನೆರಳಲ್ಲಿಟ್ಟು ಹೂ ಬರಲಿಲ್ಲ ಅಂತ ಗೊಣಗುವವರೇ ಜಾಸ್ತಿ.

ಟಬೆಬುಯಾ ಬಗ್ಗೆ ಒಂದು ಮಾತು. ಅದು ಅಮೆರಿಕ ಖಂಡದ ಉಷ್ಣವಲಯದ ಮರ, ನಮ್ಮದಲ್ಲ ಅಂತ ಮೂಗು ಮುರಿಯುವವರಿದ್ದಾರೆ. ಇರಲಿ. ಆದರೆ ಬೆಂಗಳೂರಿನ ಈ ಹೂವು ತಾನಾಗಿ ಬಂದದ್ದಲ್ಲ. 1908ರಲ್ಲಿ ಇಲ್ಲಿಗೆ ಬಂದು ಲಾಲ್‌ಬಾಗ್ ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್, ವರ್ಷದ ಯಾವ ತಿಂಗಳಾದರೂ ಯಾವುದೋ ಒಂದು ಮರ ಹೂ ಬಿಟ್ಟಿರಬೇಕು ಅಂತ ಯೋಚಿಸಿ ಮರ ಆರಿಸಿದವರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಊರ ತುಂಬ ಲಕ್ಷಗಟ್ಟಲೆ ಸಸಿ ನೆಟ್ಟರು. ನೆಟ್ಟ ವರ್ಷ ಅವು ಬರೀ ಕಡ್ಡಿ. ಸಿಗ್ನಲ್‌ನಲ್ಲಿ ನಿಂತಾಗ ಗುಲಾಬಿ ಹೂವಿನ ಕೆಳಗೆ ಇದೊಂದು ನೆನಪಾದರೆ ಟ್ರಾಫಿಕ್ ಸ್ವಲ್ಪ ಸಹ್ಯವಾಗುತ್ತದೆ. ಸ್ವಲ್ಪ ಅಂದೆ.

ಹೊಂಗೆಗೆ ಬೇರೆ ರೀತಿ. ಅದನ್ನು ಮೇಲೆ ನೋಡಿ ಪತ್ತೆ ಮಾಡುವುದು ಕಷ್ಟ, ಹೊಸ ಎಲೆಯ ನಡುವೆ ಸಣ್ಣ ಹೂ ಕಾಣುವುದೇ ಇಲ್ಲ. ಮಾರ್ಚ್ ಆದ ಮೇಲೆ ಬೆಳಿಗ್ಗೆ ನೆಲ ನೋಡಿಕೊಂಡು ನಡೆಯಿರಿ. ಮಂಡಕ್ಕಿ ಚೆಲ್ಲಿದ ಹಾಗೆ ಫುಟ್‌ಪಾತ್ ಬೆಳ್ಳಗಾಗಿದ್ದರೆ ಅಲ್ಲೇ ನಿಂತು ಕಿವಿ ಕೊಡಿ, ಮೇಲೆ ಜೇನುಹುಳುಗಳ ಗುಂಯ್ ಸದ್ದು ಕೇಳುತ್ತದೆ. ಪೌರಕಾರ್ಮಿಕರು ಗುಡಿಸುವ ಮುಂಚೆ ಹೋಗಬೇಕು, ಇಲ್ಲದಿದ್ದರೆ ಸುಳಿವೇ ಇರುವುದಿಲ್ಲ.

ಮಾವಿನ ಮರ ಆರಿಸಿಕೊಂಡವರಿಗೆ ಧೈರ್ಯ ಸ್ವಲ್ಪ ಜಾಸ್ತಿ ಬೇಕು. ಒಂದೊಂದು ಗೊಂಚಲಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹೂ. ಅದರಲ್ಲಿ ಹೆಚ್ಚಿನವು ಗಂಡು ಹೂ, ಅವು ಕಾಯಿ ಆಗುವುದೇ ಇಲ್ಲ. ಉಳಿದದ್ದರಲ್ಲೂ ಮೋಡ, ಬೂದಿರೋಗ, ಜಿಗಿಹುಳು, ಅಕಾಲ ಮಳೆ ಅಂತ ಉದುರಿ, ಗೊಂಚಲಿಗೆ ಒಂದೆರಡು ಕಾಯಿ ನಿಂತರೆ ಶ್ರೀನಿವಾಸಪುರದ ತೋಟದವರೂ ಒಳ್ಳೆಯ ಫಸಲು ಅಂತಲೇ ಅನ್ನುತ್ತಾರೆ. ಹೂ ಉದುರಿದ್ದು ನೋಡಿ ನೊಂದುಕೊಳ್ಳಬೇಡಿ, ಅದು ಮರದ ಲೆಕ್ಕದಲ್ಲಿ ಇದ್ದದ್ದೇ. ಇನ್ನು ಕೆಲವು ಮಾವು ಒಂದು ವರ್ಷ ಬಿಟ್ಟು ಒಂದು ವರ್ಷ ಕಾಯಿ ಬಿಡುತ್ತವೆ. ನಿಮ್ಮ ಮರ ಈ ಸಲ ಹೂ ಬಿಡದೆ ಬರೀ ತಾಮ್ರ ಬಣ್ಣದ ಚಿಗುರು ತೋರಿಸಿದರೆ ಬೈಯಬೇಡಿ, ಮರ ಬದಲಾಯಿಸಲೂ ಬೇಡಿ. ಮುಂದೆ ಹೂ ಬರಬೇಕಾದದ್ದು ಬಲಿತ ಚಿಗುರಿನ ತುದಿಯಲ್ಲೇ ಅಲ್ವಾ?

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ನೆಂಟರಿದ್ದರೆ ಫೆಬ್ರವರಿ, ಮಾರ್ಚ್‌ನಲ್ಲಿ ಫೋನ್ ಮಾಡಿ ‘ಹೂಮಳೆ ಬಂತಾ?’ ಅಂತ ಕೇಳಿ. ಕಾಫಿ ಮೊಗ್ಗು ಮಳೆಗೆ ಕಾದು ಕೂತಿರುತ್ತದೆ. ಮಳೆ ಬಿದ್ದು, ಇಲ್ಲವೇ ಸ್ಪ್ರಿಂಕ್ಲರ್ ಹೊಡೆದು, ಎಂಟು ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ, ಊರೆಲ್ಲ ಘಮ್ಮಂತ ಇರುತ್ತದೆ, ಎರಡು ಮೂರು ದಿನಕ್ಕೆ ಮುಗಿಯಿತು. ಆದ್ದರಿಂದ ಮಳೆ ಬಂದ ದಿನವೇ ಲೆಕ್ಕ ಹಾಕಿ ರಜೆ ಹೇಳಿಡಿ. ಇಂಗ್ಲೆಂಡಿನಲ್ಲೋ ಜರ್ಮನಿಯಲ್ಲೋ ಇರುವ ನಮ್ಮವರು ಸ್ನೋಡ್ರಾಪ್, ಕ್ರೋಕಸ್ ಹುಡುಕಬೇಕು. ಅಲ್ಲಿ ತಲೆ ಎತ್ತುವುದು ಬೇಡ, ಮರದ ಬುಡದ ಒದ್ದೆ ನೆಲ ನೋಡಿದರೆ ಸಾಕು.

ಕೊನೆಗೆ ಬರೆದಿಡುವ ಕೆಲಸ. ಸೀಸನ್‌ವಾಚ್ ಅಂತ ಒಂದು ಯೋಜನೆ ಇದೆ, ಒಂದು ಮರವನ್ನು ವಾರಕ್ಕೊಮ್ಮೆ ನೋಡಿ ಎಲೆ, ಹೂ, ಕಾಯಿ ಎಷ್ಟಿದೆ ಅಂತ ಯಾರು ಬೇಕಾದರೂ ದಾಖಲಿಸಬಹುದು. ಅಷ್ಟು ಬೇಡ ಅನ್ನಿಸಿದರೆ ಗೋಡೆ ಮೇಲಿನ ಕ್ಯಾಲೆಂಡರ್ ಸಾಕು. ಹಾಲು, ಗ್ಯಾಸ್ ಲೆಕ್ಕ ಬರೆಯುವ ಜಾಗದಲ್ಲೇ ‘ಮೊಗ್ಗು ಕಂಡಿತು’, ‘ಅರಳಿತು’ ಅಂತ ಬರೆಯಿರಿ. ಡಿಸೆಂಬರ್‌ನಲ್ಲಿ ಹಳೆ ಕ್ಯಾಲೆಂಡರ್ ರದ್ದಿಗೆ ಹಾಕುವ ಮುಂಚೆ ಆ ತಾರೀಖುಗಳನ್ನು ಹೊಸದರಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳಿ. ಒಂದು ವಾರ ಹಿಂದಕ್ಕೇ ಬರೆಯಿರಿ, ಮರ ತಾರೀಖು ನೋಡಿ ಹೂ ಬಿಡುವುದಿಲ್ಲ.