ಜಗಳದ ಹೊತ್ತು ಬದಲಾಯಿತು, ನಿದ್ರೆ ಮರಳಿತು: ನನ್ನ ಅನುಭವ

ಹದಿಹರೆಯದವರ ಆಪ್ತಸಮಾಲೋಚನೆಯಲ್ಲಿ ತೊಡಗಿರುವ ನಮ್ಮಲ್ಲಿ ಹೆಚ್ಚಿನವರು ಮೊದಲು ಮನೆಯ ಕಲಹವನ್ನು ಬಗೆಹರಿಸಲು ಹೊರಡುತ್ತೇವೆ. ಅದು ತಣ್ಣಗಾದರೆ ನಿದ್ರೆ ತಾನಾಗಿಯೇ ಸರಿಹೋಗುತ್ತದೆ ಎಂಬುದು ನಮ್ಮ ನಂಬಿಕೆ. ನಾನು ಕಲಹವನ್ನು ಹಾಗೆಯೇ ಬಿಟ್ಟು, ಅದು ನಡೆಯುವ ಹೊತ್ತನ್ನಷ್ಟೇ ಬದಲಿಸಲು ಹೊರಟಾಗ, ಮೂಲವನ್ನು ಬಿಟ್ಟು ಲಕ್ಷಣಕ್ಕೆ ಕೈಹಾಕುತ್ತಿದ್ದೀರಿ ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದರು. ಈಗ ಸುಮಾರು 20 ಕುಟುಂಬಗಳ ನಿದ್ರೆಯ ದಿನಚರಿಗಳು ನನ್ನ ಬಳಿ ಇವೆ.

ಅದಕ್ಕೂ ಮೊದಲಿನ ಪ್ರಯತ್ನಗಳೆಲ್ಲ ಕೈಕೊಟ್ಟಿದ್ದವು. ರಾತ್ರಿ ಫೋನ್ ಕಿತ್ತುಕೊಳ್ಳುವ ನಿಯಮ ಹೊಸ ಜಗಳಕ್ಕೆ ದಾರಿಯಾಯಿತು. ಹತ್ತಕ್ಕೇ ಮಲಗಬೇಕೆಂಬ ಕಟ್ಟಪ್ಪಣೆಯಂತೂ, ಮಲಗುವ ಹೊತ್ತಾಯಿತೆಂದು ದೇಹಕ್ಕೆ ತಿಳಿಸುವ ಮೆಲಟೋನಿನ್ ಹಾರ್ಮೋನು ರಾತ್ರಿ ತಡವಾಗಿ ಏರುವ ಈ ವಯಸ್ಸಿನ ಮಕ್ಕಳನ್ನು ಕತ್ತಲಲ್ಲಿ ಕಣ್ಣುಬಿಟ್ಟುಕೊಂಡು ಅಂದಿನ ಬೈಗುಳವನ್ನೇ ಮೆಲುಕು ಹಾಕುವಂತೆ ಮಾಡಿತು. ಮಣಿಕಟ್ಟಿಗೆ ಕಟ್ಟುವ, ಚಲನೆ ಅಳೆಯುವ ಸಾಧನಗಳಿಗೆ ಹೆಚ್ಚುಕಡಿಮೆ ಎರಡು ತಿಂಗಳ ಗಳಿಕೆಯನ್ನು ಸುರಿದೆ. ಅಲುಗಾಡದೆ ಎಚ್ಚರವಾಗಿ ಮಲಗಿದ್ದನ್ನೂ ಅವು ನಿದ್ರೆಯೆಂದೇ ಲೆಕ್ಕ ಹಾಕಿದವು.

ಕೊನೆಗೆ ಕೆಲಸಕ್ಕೆ ಬಂದದ್ದು ಕಾಗದದ ದಿನಚರಿ. ಅದರಲ್ಲಿ 'ಮಲಗುವ ಮುನ್ನ ಮನೆಯಲ್ಲಿ ನಡೆದ ಮಾತು' ಎಂಬ ಅಂಕಣವೊಂದನ್ನು ಸೇರಿಸಿದೆ. ಹದಿನಾರರ ಹುಡುಗಿಯೊಬ್ಬಳು ಅಲ್ಲಿ 'ಅಂಕಪಟ್ಟಿ, ಅಪ್ಪ, 10.40' ಎಂದಷ್ಟೇ ಬರೆದಿದ್ದಳು. ಪಕ್ಕದಲ್ಲಿ ನಿದ್ರೆ ಹತ್ತಿದ ಹೊತ್ತು 1.30. ಮಾತು ಬೆಳೆಯದ ರಾತ್ರಿಗಳಲ್ಲಿ ಆಕೆ 11.45ರ ಆಸುಪಾಸಿನಲ್ಲಿ ನಿದ್ರಿಸಿದ್ದಳು. ಯಾವ ಉಪದೇಶವನ್ನೂ ಮಾಡದೆ ಆ ಹಾಳೆಯನ್ನು ತಂದೆಯ ಕೈಗಿತ್ತೆ.

ಈಗ ಎಲ್ಲ ಕುಟುಂಬಗಳಿಗೂ ನಾನು ಹಾಕುವ ನಿಯಮ ಇದು: ಅಂಕ, ಹಣ, ಫೋನ್, ಗೆಳೆತನ, ಈ ವಿಷಯಗಳನ್ನು ಸಂಜೆ ಏಳರ ನಂತರ ಯಾರೂ ಎತ್ತುವಂತಿಲ್ಲ. ಹೇಳಲೇಬೇಕೆನಿಸಿದ್ದನ್ನು ಚೀಟಿಯಲ್ಲಿ ಬರೆದಿಟ್ಟು ಮರುದಿನ ಸಂಜೆ ಐದೂವರೆಗೆ ಅರ್ಧ ಗಂಟೆ ಮಾತಾಡಬೇಕು. ಮಲಗುವ ಹೊತ್ತಿನ ಗೋಜಿಗೆ ಹೋಗದೆ, ಏಳುವ ಹೊತ್ತು ರಜೆಯಲ್ಲೂ ಒಂದು ಗಂಟೆಗಿಂತ ಹೆಚ್ಚು ಜಾರದಂತೆ ನೋಡಿಕೊಂಡು, ಎದ್ದೊಡನೆ ಹೊರಗಿನ ಬೆಳಕಿಗೆ ಕಳುಹಿಸುತ್ತೇನೆ. ಪ್ರಖರ ಬೆಳಕಿನ ದೀಪಗಳನ್ನೂ ನಾಲ್ಕಾರು ಮಂದಿಗೆ ಕೊಟ್ಟು ನೋಡಿದೆ. ಹೊರಗೆ ನಡೆದಾಡಿದವರಿಗಿಂತ ಅವರಿಗೆ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ. ಮೊದಲ ಚೀಟಿಯನ್ನು ಯಾರಿಂದ, ಹೇಗೆ ಬರೆಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದನ್ನು ಎದುರು ಕೂತೇ ಕಲಿಯಬೇಕು.

ಐದಾರು ವಾರಗಳಲ್ಲಿ ಹೆಚ್ಚಿನವರ ನಿದ್ರೆ ಆರು ಗಂಟೆಯಿಂದ ಏಳೂವರೆಯ ಹತ್ತಿರಕ್ಕೆ ಬಂದಿತು. ಈ ವಯಸ್ಸಿಗೆ ಬೇಕೆನ್ನುವ 8ರಿಂದ 10 ಗಂಟೆಗಳನ್ನು ಮುಟ್ಟಿದವರು ಕೆಲವರೇ. ಆದರೂ ಸಿಡುಕು, ಅಳು ಇಳಿದವು, ಐದೂವರೆಯ ಮಾತುಕತೆ ಹತ್ತು ನಿಮಿಷಕ್ಕೇ ಮುಗಿಯತೊಡಗಿತು. ಮೊದಲು ಹದಿನೈದರಷ್ಟು ಭೇಟಿಗಳು ಬೇಕಾಗುತ್ತಿದ್ದ ಕುಟುಂಬಗಳಿಗೆ ಈಗ ಆರೇಳು ಸಾಕಾಗುತ್ತಿವೆ. ಪ್ರತಿ ಕುಟುಂಬದಿಂದ ನನಗೆ ಬರುವ ಶುಲ್ಕ ಅರ್ಧಕ್ಕಿಳಿದಿದ್ದರೂ ಹಳೆಯ ಕ್ರಮಕ್ಕೆ ಮರಳಲಾರೆ. ಸ್ವಯಂಹಾನಿಯ ಯೋಚನೆಯುಳ್ಳ ಮಕ್ಕಳನ್ನು ಮಾತ್ರ ಈ ಪದ್ಧತಿಯಲ್ಲಿ ಕಾಯಿಸದೆ ಅಂದೇ ಮನೋವೈದ್ಯರ ಬಳಿಗೆ ಕಳುಹಿಸುತ್ತೇನೆ.