ಅಡಿಕೆ ಮಂಡಿಯ ಇಪ್ಪತ್ತು ಪಿಸಿ, ಒಂದು ಪೋಸ್ಟ್‌ಗ್ರೆಸ್, ನಡುವೆ ಓಡಿಬಿಸಿ: ನನ್ನ ಅನುಭವ

ಹಳೇ ಆಕ್ಸೆಸ್ (ಮೈಕ್ರೋಸಾಫ್ಟ್ ಆಫೀಸಿನ ಡೇಟಾಬೇಸ್ ಪ್ರೋಗ್ರಾಂ) ಫಾರ್ಮ್‌ಗಳನ್ನು ಮುಟ್ಟುವುದಿಲ್ಲ, ಅವುಗಳ ಹಿಂದೆ ಕೂತಿರುವ ಡೇಟಾಬೇಸ್ ಮಾತ್ರ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಸರ್ವರ್‌ಗೆ ಬದಲಾಯಿಸುತ್ತೇನೆ ಅಂದಾಗ ನನಗೆ ಗೊತ್ತಿರುವ ಸರ್ವಿಸ್‌ನವರೆಲ್ಲ ನಕ್ಕಿದ್ದರು. "ಸುಮ್ನೆ ತಲೆನೋವು ಮೈಮೇಲೆ ಎಳ್ಕೋಬೇಡ ಮಾರಾಯ, ವಿಂಡೋಸ್ 7 ಪಿಸಿಗಳಲ್ಲಿ ಓಡಿಬಿಸಿ ಅಂದ್ರೆ ದಿನಾ ಫೋನ್" ಅಂದರು ಒಬ್ಬರು. ಓಡಿಬಿಸಿ ಅಂದರೆ ಆಕ್ಸೆಸ್‌ನಂಥ ಪ್ರೋಗ್ರಾಂ ಬೇರೆ ಡೇಟಾಬೇಸ್ ಜೊತೆ ಮಾತಾಡುವ ದಾರಿ, ಅದಕ್ಕೆ ಪ್ರತಿ ಪಿಸಿಯಲ್ಲೂ ಡ್ರೈವರ್ ಬೇಕು. ಆಮೇಲೆ ಎರಡು ಅಡಿಕೆ ಸೀಸನ್ ಕಳೆದಿವೆ. ಫೋನ್ ಬರುತ್ತದೆ, ಆದರೆ ಪ್ರಿಂಟರ್‌ಗೆ ರಿಬ್ಬನ್ ಬೇಕು ಅಂತ.

ಜಾಗ ಶಿವಮೊಗ್ಗ ಕಡೆಯ ಒಂದು ಮಂಡಿ. ಇಪ್ಪತ್ತು, ಇಪ್ಪತ್ತೆರಡು ಪಿಸಿ. ಅರ್ಧದಷ್ಟು ವಿಂಡೋಸ್ 7, ಉಳಿದದ್ದು 10, ಯಜಮಾನರ ಟೇಬಲ್ ಮೇಲೆ ಹೊಸ 11. ಎಲ್ಲ ಕಡೆ 32-ಬಿಟ್ ಆಫೀಸ್ 2010, ಹೊಸದರಲ್ಲಿ ಮಾತ್ರ 64-ಬಿಟ್. ಲಾಟ್, ತೂಕ, ಬೆಳೆಗಾರರ ಖಾತೆ, ಮುಂಗಡ, ಬಿಲ್ಲು ಎಲ್ಲವೂ ಶೇರ್ ಫೋಲ್ಡರ್‌ನಲ್ಲಿದ್ದ ಒಂದೇ ಎಂಡಿಬಿ ಫೈಲ್‌ನಲ್ಲಿ. ಫೈಲ್ ಒಂದೂವರೆ ಜಿಬಿ ದಾಟಿತ್ತು. 2 ಜಿಬಿ ಆದರೆ ಆಕ್ಸೆಸ್ ಕಥೆ ಮುಗಿಯಿತು, ಅದು ನಿಮಗೂ ಗೊತ್ತು. ಸೀಸನ್‌ನಲ್ಲಿ ವಾರಕ್ಕೊಮ್ಮೆಯಾದರೂ ಫೈಲ್ ಕೆಟ್ಟು ಎಲ್ಲರನ್ನೂ ಹೊರಗೆ ಹಾಕಿ ಕಾಂಪ್ಯಾಕ್ಟ್ ಆಂಡ್ ರಿಪೇರ್ ಹೊಡೆಯಬೇಕು, ಅಷ್ಟು ಹೊತ್ತು ಬೆಳೆಗಾರರು ಬೆಂಚಿನ ಮೇಲೆ ಕಾಯಬೇಕು.

ಒಂದು ಕಂಪನಿಯವರು ಬಂದು ಕ್ಲೌಡ್ ಸಾಫ್ಟ್‌ವೇರ್‌ಗೆ ನಾಲ್ಕೂವರೆ ಲಕ್ಷದ ಹತ್ತಿರ ಕೊಟೇಶನ್ ಕೊಟ್ಟು ಹೋಗಿದ್ದರು. ವರ್ಷ ವರ್ಷ ಕಟ್ಟುವುದು ಬೇರೆ. ಯಜಮಾನರು ಕೇಳಿದ್ದು ಒಂದೇ: "ಅಷ್ಟು ಕೊಟ್ಟು ನಮ್ಮ ರೈಟರ್‌ಗೆ ಹೊಸ ಸ್ಕ್ರೀನ್ ಕಲಿಸೋದು ಯಾರ್ರೀ?" ನನಗೆ ಬಾಗಿಲು ತೆರೆದದ್ದು ಆ ಪ್ರಶ್ನೆ.

ಖರ್ಚು ನೆನಪಿನಿಂದ ಹೇಳುತ್ತೇನೆ. ರಿಫರ್ಬಿಷ್ಡ್ ಟವರ್ ಸರ್ವರ್ ಇಪ್ಪತ್ತೆಂಟು ಸಾವಿರದ ಸುಮಾರು, ಎರಡು ಎಸ್‌ಎಸ್‌ಡಿ, ಯುಪಿಎಸ್, ಹಳೇ ಸ್ವಿಚ್ ತೆಗೆದು ಹೊಸದು. ಒಟ್ಟು ಅರವತ್ತು ಸಾವಿರದ ಒಳಗೆ ಮುಗಿಯಿತು. ಡೆಬಿಯನ್ ಲಿನಕ್ಸ್, ಪೋಸ್ಟ್‌ಗ್ರೆಸ್ ಎರಡಕ್ಕೂ ದುಡ್ಡಿಲ್ಲ. ನನ್ನ ಕೂಲಿ ನಲವತ್ತೈದು ಸಾವಿರ, ಅದರಲ್ಲಿ ಅರ್ಧ ಸೀಸನ್ ಮುಗಿದ ಮೇಲೆ ಕೈಗೆ ಬಂತು. ಮೈಕ್ರೋಸಾಫ್ಟ್‌ನ ಉಚಿತ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಯಾಕೆ ಹಾಕಲಿಲ್ಲ ಅಂತ ಕೇಳುವವರಿಗೆ: ಆಗ ಅದಕ್ಕಿದ್ದ 10 ಜಿಬಿ ಮಿತಿ ಇವರಿಗೆ ಸಾಕಾಗುತ್ತಿತ್ತು. ಆದರೆ ಮಿತಿ ಇರುವ ಡೇಟಾಬೇಸ್‌ನಿಂದಲೇ ತಪ್ಪಿಸಿಕೊಳ್ಳಲು ಹೊರಟಾಗ ಇನ್ನೊಂದು ಮಿತಿಯೊಳಗೆ ಹೋಗಲು ನನಗೆ ಮನಸ್ಸಿರಲಿಲ್ಲ.

ಡೇಟಾ ಸಾಗಿಸಿದ್ದು ಸುಲಭದ ಕೆಲಸ, ಬಿಡಿ. ಕಷ್ಟ ಶುರುವಾದದ್ದು ಪಿಸಿಗಳ ಕಡೆ.

ಮೊದಲು ಎಲ್ಲರೂ ಮಾಡುವ ಹಾಗೆ ಪ್ರತಿ ಪಿಸಿಗೂ ಕೂತು ಸಿಸ್ಟಮ್ ಡಿಎಸ್‌ಎನ್ (ಯಾವ ಡೇಟಾಬೇಸ್, ಎಲ್ಲಿದೆ ಅಂತ ಪಿಸಿಯಲ್ಲೇ ಬರೆದಿಡುವ ವಿವರ) ಹಾಕಿದ್ದು. ಸಿಸ್‌ವಾವ್64 ಫೋಲ್ಡರ್ ಒಳಗಿನ ಓಡಿಬಿಸಿಎಡಿ32 (32-ಬಿಟ್ ಓಡಿಬಿಸಿ ಸೆಟ್ಟಿಂಗ್) ತೆಗೆದು ಹೆಸರು, ಐಪಿ, ಪೋರ್ಟ್ 5432, ಟೆಸ್ಟ್ ಒತ್ತಿ, ಮುಂದಿನ ಪಿಸಿ. ಎರಡು ಸಂಜೆ ಹೋಯಿತು. ತಿಂಗಳಾಗಿರಲಿಲ್ಲ, ಇಂಟರ್ನೆಟ್‌ನವರು ಬಂದು ರೌಟರ್ ಬದಲಾಯಿಸಿ ಹೋದರು, 192.168.1 ಇದ್ದ ನೆಟ್‌ವರ್ಕ್ 192.168.0 ಆಯಿತು. ಇಪ್ಪತ್ತು ಪಿಸಿಯಲ್ಲೂ ಒಟ್ಟಿಗೆ 3151, ಅಂದರೆ ಕನೆಕ್ಷನ್ ಆಗಲಿಲ್ಲ ಅನ್ನುವ ಎರರ್. ಎಲ್ಲದಕ್ಕೂ ಮತ್ತೆ ಕೂರಬೇಕು.

ಫೈಲ್ ಡಿಎಸ್‌ಎನ್ (ಅದೇ ವಿವರ ಒಂದು ಫೈಲ್‌ನಲ್ಲಿ) ಶೇರ್‌ನಲ್ಲಿ ಇಟ್ಟು ನೋಡಿದ್ದೂ ಆಯಿತು. ಬೆಳಗ್ಗೆ ಮ್ಯಾಪ್ ಆದ ಡ್ರೈವ್ ಎದ್ದೇಳುವ ಮೊದಲೇ ಗುಮಾಸ್ತರು ಆಕ್ಸೆಸ್ ತೆರೆದರೆ ಎರರ್. ಅವರಿಗೆ ಎರಡು ನಿಮಿಷ ಕಾಯಿರಿ ಅಂತ ಹೇಳಿದರೆ ಕಾಯುತ್ತಾರಾ, ಹೇಳಿ?

ಆಗ ನಿರ್ಧರಿಸಿದೆ: ಪಿಸಿಯಲ್ಲಿ ಕೈಯಿಂದ ಏನೂ ಬರೆಯುವುದಿಲ್ಲ. ಡಿಎಸ್‌ಎನ್ ಅನ್ನೋದೇ ಬೇಡ. ಪಿಸಿಯಲ್ಲಿ ಇರುವುದು ಡ್ರೈವರ್ ಮಾತ್ರ, ಅದೂ ಎಲ್ಲ ಕಡೆ ಒಂದೇ ವರ್ಷನ್, ಎಂಎಸ್‌ಐ ಫೈಲ್ ನನ್ನ ಪೆನ್‌ಡ್ರೈವ್‌ನಲ್ಲೂ ಸರ್ವರ್‌ನಲ್ಲೂ ಕಾಪಾಡಿಟ್ಟದ್ದು. ಉಳಿದದ್ದೆಲ್ಲ ಫ್ರಂಟ್ ಎಂಡ್ ಫೈಲ್ (ಫಾರ್ಮ್‌ಗಳಿರುವ ಆಕ್ಸೆಸ್ ಫೈಲ್) ಒಳಗೆ. ಡೆಸ್ಕ್‌ಟಾಪ್ ಐಕಾನ್ ಒತ್ತಿದರೆ ಒಂದು ಬ್ಯಾಚ್ ಫೈಲ್ ಓಡುತ್ತದೆ, ಸರ್ವರ್‌ನಲ್ಲಿ ಹೊಸ ಫ್ರಂಟ್ ಎಂಡ್ ಇದ್ದರೆ ಸಿ ಡ್ರೈವ್‌ಗೆ ಎಳೆದುಕೊಳ್ಳುತ್ತದೆ, ಇಲ್ಲದಿದ್ದರೆ ಇದ್ದದ್ದನ್ನೇ ತೆರೆಯುತ್ತದೆ. ತೆರೆದ ಕೂಡಲೇ ಲೂಪ್‌ನಲ್ಲಿ ಎಲ್ಲ ಟೇಬಲ್‌ಡೆಫ್‌ಗಳ (ಲಿಂಕ್ ಆದ ಟೇಬಲ್‌ಗಳ) ಕನೆಕ್ಟ್‌ಗೆ ಡ್ರೈವರ್, ಸರ್ವರ್ ಹೆಸರಿರುವ ಸ್ಟ್ರಿಂಗ್ ತುಂಬಿ ರಿಫ್ರೆಶ್‌ಲಿಂಕ್. ಮೂವತ್ತೈದು ಟೇಬಲ್‌ಗೆ ನಾಲ್ಕೈದು ಸೆಕೆಂಡ್. ಪಾಸ್‌ವರ್ಡ್ ಎಲ್ಲಿಂದ ಬರುತ್ತದೆ, ಲಿಂಕ್ ಸರಿ ಇದ್ದರೆ ಲೂಪ್ ಹೇಗೆ ತಪ್ಪಿಸುತ್ತೇನೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು. ವ್ಯೂ (ಸರ್ವರ್‌ನಲ್ಲಿ ಉಳಿಸಿಟ್ಟ ಕ್ವೆರಿ) ಲಿಂಕ್ ಮಾಡುವವರು ಒಂದು ನೆನಪಿಡಿ: ಲಿಂಕ್ ಅಳಿಸಿ ಹೊಸದಾಗಿ ಮಾಡಿದರೆ ಕೀ (ಸಾಲನ್ನು ಗುರುತಿಸುವ ಕಾಲಂ) ಯಾವುದು ಅಂತ ಮತ್ತೆ ಹೇಳಲೇಬೇಕು, ಇಲ್ಲದಿದ್ದರೆ ಆ ವ್ಯೂ ಬರೀ ಓದಲು ಮಾತ್ರ.

ರೌಟರ್ ಕಾಟಕ್ಕೆ ಎರಡು ಸಾವಿರ ರೂಪಾಯಿಯ ಪುಟ್ಟ ರೌಟರ್ ಒಂದನ್ನು ನಾನೇ ತಂದು ಇಂಟರ್ನೆಟ್‌ನವರದ್ದರ ಹಿಂದೆ ಕೂರಿಸಿದೆ. ಡಿಎಚ್‌ಸಿಪಿ (ಪಿಸಿಗಳಿಗೆ ಐಪಿ ಹಂಚುವುದು), ಡಿಎನ್‌ಎಸ್ (ಹೆಸರಿನಿಂದ ಐಪಿ ಹುಡುಕುವುದು) ಎರಡೂ ಇದರದ್ದೇ. ಸ್ಟ್ರಿಂಗ್‌ನಲ್ಲಿ ಐಪಿ ಇಲ್ಲ, ಹೆಸರು ಮಾತ್ರ. ಅವರು ಆಚೆ ಏನು ಬೇಕಾದರೂ ಬದಲಾಯಿಸಿಕೊಳ್ಳಲಿ.

ಯಜಮಾನರ 64-ಬಿಟ್ ಆಫೀಸ್ ಕಾಡಿದ್ದು ಬೇರೆ ರೀತಿ. 64-ಬಿಟ್ ಡ್ರೈವರ್ ಹಾಕಿಯಾಗಿತ್ತು, ಆದರೂ ಐಎಂ002, 'ಡೇಟಾ ಸೋರ್ಸ್ ನೇಮ್ ನಾಟ್ ಫೌಂಡ್'. ನೋಡಿದರೆ 32-ಬಿಟ್‌ನಲ್ಲಿ ಡ್ರೈವರ್ ಹೆಸರು 'ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಯೂನಿಕೋಡ್', 64-ಬಿಟ್‌ನಲ್ಲಿ ಅದೇ ಹೆಸರಿನ ಬಾಲಕ್ಕೆ ಬ್ರ್ಯಾಕೆಟ್‌ನಲ್ಲಿ 'ಎಕ್ಸ್64'. ಸ್ಟ್ರಿಂಗ್‌ನಲ್ಲಿ ಒಂದಕ್ಷರ ಬೇರೆಯಾದರೂ ಸಿಗುವುದಿಲ್ಲ. ಆಕ್ಸೆಸ್‌ನ ವಿಬಿಎ ಕೋಡ್ ಒಳಗೆ ಇಫ್ ವಿನ್64 ಹಾಕಿ ಎರಡು ಹೆಸರು ಬರೆದ ಮೇಲೆ ಸುಮ್ಮನಾಯಿತು. ಎಷ್ಟೋ ಜನ ಈ ಜಾಗದಲ್ಲಿ ಆಫೀಸನ್ನೇ ತೆಗೆದು ಮತ್ತೆ ಹಾಕುತ್ತಾರೆ, ನೋಡಿದ್ದೇನೆ.

ಇನ್ನೆರಡು ಪಿಸಿಯಲ್ಲಿ ಯಾರೋ ಯಾವ ಕಾಲದಲ್ಲೋ ಹಾಕಿದ್ದ ಪೋಸ್ಟ್‌ಗ್ರೆಸ್ 9ರ ಕಾಲದ ಡ್ರೈವರ್ ಕೂತಿತ್ತು. 'ಆಥೆಂಟಿಕೇಶನ್ ಮೆಥಡ್ 10 ನಾಟ್ ಸಪೋರ್ಟೆಡ್' ಅನ್ನುತ್ತದೆ. ಪೋಸ್ಟ್‌ಗ್ರೆಸ್ 14ರಿಂದ ಪಾಸ್‌ವರ್ಡ್ ಸ್ಕ್ರ್ಯಾಮ್ ಅನ್ನುವ ಹೊಸ ವಿಧಾನದಲ್ಲಿ ಇಡುವುದೇ ಡಿಫಾಲ್ಟ್, ಹಳೇ ಡ್ರೈವರ್‌ಗೆ ಅದು ಗೊತ್ತಿಲ್ಲ. ಸರ್ವರ್‌ನಲ್ಲಿ ಹಳೇ ವಿಧಾನವಾದ ಎಂಡಿ5ಗೆ ಇಳಿಸಿ ಅಂತ ಎಲ್ಲ ಕಡೆ ಸಲಹೆ ಸಿಗುತ್ತದೆ. ಎರಡು ಪಿಸಿಗಾಗಿ ಸರ್ವರ್ ಇಳಿಸುವುದೇಕೆ? ಡ್ರೈವರ್ ಕಿತ್ತು ನಮ್ಮದನ್ನು ಹಾಕಿದೆ, ಹತ್ತು ನಿಮಿಷದ ಕೆಲಸ.

ನಿಜವಾಗಿ ನಿದ್ದೆ ಕೆಡಿಸಿದ್ದು ರೈಟ್ ಕಾನ್‌ಫ್ಲಿಕ್ಟ್. ರೈಟರ್ ಲಾಟಿನ ತೂಕ ತಿದ್ದಿ ಕೆಳಗಿನ ಸಾಲಿಗೆ ಹೋದರೆ, ಈ ರೆಕಾರ್ಡನ್ನು ಬೇರೆಯವರು ಬದಲಾಯಿಸಿದ್ದಾರೆ ಅಂತ ಡಬ್ಬಿ ಏಳುತ್ತದೆ. ಯಾರೂ ಬದಲಾಯಿಸಿಲ್ಲ, ಆಫೀಸಲ್ಲಿ ಅವರೊಬ್ಬರೇ ಇದ್ದಾರೆ. "ನಿಮ್ಮ ಹೊಸ ಸರ್ವರ್‌ಗಿಂತ ಆ ಹಳೇದೇ ವಾಸಿ ಇತ್ತು" ಅಂತ ಎಲ್ಲರೆದುರು ಅಂದುಬಿಟ್ಟರು. ಕಾರಣ ಟೈಮ್‌ಸ್ಟ್ಯಾಂಪ್ (ದಿನಾಂಕ-ಸಮಯದ) ಕಾಲಂ. ಪೋಸ್ಟ್‌ಗ್ರೆಸ್ ಸೆಕೆಂಡಿನ ಕೆಳಗೆ ಆರು ಅಂಕಿವರೆಗೆ ಇಡುತ್ತದೆ, ಆಕ್ಸೆಸ್‌ಗೆ ಅಷ್ಟು ಸೂಕ್ಷ್ಮ ಕಾಣುವುದಿಲ್ಲ. ಉಳಿಸುವಾಗ ಆಕ್ಸೆಸ್ ಹಳೇ ಮೌಲ್ಯವನ್ನೂ ಹೋಲಿಸಿ ನೋಡುತ್ತದೆ, ಸಾಲು ಸಿಗುವುದಿಲ್ಲ, ಯಾರೋ ಬದಲಾಯಿಸಿದ್ದಾರೆ ಅಂದುಕೊಳ್ಳುತ್ತದೆ. ಕಾಲಂ ಎಲ್ಲ ಟೈಮ್‌ಸ್ಟ್ಯಾಂಪ್(0), ಅಂದರೆ ಸೆಕೆಂಡಿನ ಕೆಳಗೆ ಏನೂ ಇಡದ ಹಾಗೆ ಮಾಡಿದೆ, ಡ್ರೈವರ್‌ನಲ್ಲಿ ರೋ ವರ್ಷನಿಂಗ್ (ಸಾಲು ಬದಲಾಗಿದೆಯಾ ಅಂತ ಅದರ ವರ್ಷನ್ ನೋಡಿ ತಿಳಿಯುವುದು) ಆನ್ ಮಾಡಿದೆ. ಜೊತೆಗೆ ಹೌದು/ಇಲ್ಲ ಕಾಲಂಗಳಿಗೆ 'ಬೂಲ್ಸ್ ಆಸ್ ಚಾರ್' ತೆಗೆದು 'ಟ್ರೂ ಈಸ್ -1' ಹಾಕಬೇಕು, ಇಲ್ಲದಿದ್ದರೆ ಟಿಕ್ ಬಾಕ್ಸ್‌ಗಳು ಹುಚ್ಚು ಹಿಡಿದಂತೆ ಆಡುತ್ತವೆ. ಇವೆಲ್ಲವನ್ನೂ ಸ್ಟ್ರಿಂಗ್‌ನಲ್ಲೇ ಬರೆಯಬಹುದು, ಡಿಎಸ್‌ಎನ್ ಇಲ್ಲದೆಯೂ.

ಕನ್ನಡದ ವಿಷಯ ಪ್ರತ್ಯೇಕ. ಒಂದು ಪಿಸಿಗೆ ಡ್ರೈವರ್ ಹಾಕುವಾಗ ಅಲ್ಲಿನ ಹುಡುಗ ತಾನೇ ಒಂದು ಡಿಎಸ್‌ಎನ್ ಮಾಡಿ ನೋಡಿದ್ದ, 'ಎಎನ್‌ಎಸ್‌ಐ' ಅನ್ನೋ, ಯೂನಿಕೋಡ್ ಅಲ್ಲದ ಡ್ರೈವರ್ ಆರಿಸಿ. ಆ ಪಿಸಿಯಿಂದ ಸೇರಿಸಿದ ಲಾಟುಗಳಲ್ಲಿ ಅಡಿಕೆ ಬಗೆಯ ಹೆಸರು 'ಗೊರಬಲು' ಇದ್ದ ಕಡೆ ಆರು ಪ್ರಶ್ನಾರ್ಥಕ ಚಿಹ್ನೆ. ಕಣ್ಣಿಗೆ ನಾಲ್ಕು ಅಕ್ಷರ, ಯೂನಿಕೋಡ್‌ನಲ್ಲಿ ಆರು, ಸರಿಯಾಗಿ ಆರು ಪ್ರಶ್ನೆ. ತೋರಿಸುವುದರಲ್ಲಿ ತೊಂದರೆ ಅಂತ ಫಾಂಟ್ ಹುಡುಕುತ್ತಾ ಕೂರಬೇಡಿ, ಸರ್ವರ್ ಒಳಗೇ ಪ್ರಶ್ನಾರ್ಥಕ ಉಳಿದಿರುತ್ತದೆ, ವಾಪಸ್ ಬರುವುದಿಲ್ಲ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಎಎನ್‌ಎಸ್‌ಐ ಕೋಡ್ ಪೇಜೇ (ಅಕ್ಷರಗಳ ಪಟ್ಟಿಯೇ) ಇಲ್ಲ, ಹೋಗುವ ದಾರಿಯಲ್ಲೇ ಅಕ್ಷರ ಸತ್ತಿರುತ್ತದೆ. ಪುಸ್ತಕ ನೋಡಿ ರಾಶಿ ಯಾವುದು, ಬೆಟ್ಟೆ ಯಾವುದು ಅಂತ ಮತ್ತೆ ಟೈಪ್ ಮಾಡಿಸಿದೆವು. ಅದಕ್ಕೂ ಮೊದಲು ಹಳೇ ನುಡಿ ಫಾಂಟಿನಲ್ಲಿದ್ದ ಬೆಳೆಗಾರರ ಹೆಸರುಗಳನ್ನು ಯೂನಿಕೋಡ್‌ಗೆ ತಿರುಗಿಸಿದ್ದು ಇನ್ನೊಂದು ಪುರಾಣ, ಅರ್ಕಾವತ್ತು ಇರುವ ಹೆಸರುಗಳೆಲ್ಲ ತಲೆಕೆಳಗಾಗಿ ಬಂದು ಏಳೆಂಟು ಸಾವಿರ ಹೆಸರಿನ ಪಟ್ಟಿಯನ್ನು ಕಣ್ಣಲ್ಲೇ ಜಾಲಾಡಬೇಕಾಯಿತು.

ಮಳೆಗಾಲದಲ್ಲಿ ಕರೆಂಟ್. ಸರ್ವರ್‌ಗೆ ಯುಪಿಎಸ್ ಇದೆ, ಪಿಸಿಗಳಿಗೆಲ್ಲ ಇಲ್ಲ. ಬಿಲ್ ಮಾಡುತ್ತಿದ್ದ ಪಿಸಿ ಪಟ್ಟಂತ ಆರಿದರೆ ಅದರ ಕನೆಕ್ಷನ್ ಸರ್ವರ್‌ನಲ್ಲಿ ಬದುಕಿಯೇ ಇರುತ್ತದೆ, ಲಾಕ್ ಹಿಡಿದುಕೊಂಡು. ಕರೆಂಟ್ ಬಂದ ಮೇಲೆ ಅದೇ ಖಾತೆ ತೆರೆದವರಿಗೆ ಮರಳು ಗಡಿಯಾರ ತಿರುಗುತ್ತಲೇ ಇರುತ್ತದೆ. ಲಿನಕ್ಸ್‌ನ ಕೀಪ್‌ಅಲೈವ್ (ಆಚೆ ಪಿಸಿ ಬದುಕಿದೆಯಾ ಅಂತ ಕೇಳುವುದು) ಡಿಫಾಲ್ಟ್ 7200 ಸೆಕೆಂಡ್, ಅಂದರೆ ಎರಡು ಗಂಟೆ. ಪೋಸ್ಟ್‌ಗ್ರೆಸ್‌ನಲ್ಲಿ ಅದನ್ನು 60ಕ್ಕೆ ಇಳಿಸಿ, ಐಡಲ್ ಇನ್ ಟ್ರಾನ್ಸಾಕ್ಷನ್ ಟೈಮ್‌ಔಟ್ (ಅರ್ಧಕ್ಕೆ ನಿಂತ ಕೆಲಸವನ್ನು ಕಡಿಯುವ ಗಡುವು) ಐದು ನಿಮಿಷ ಕೊಟ್ಟೆ. ಆಮೇಲೆ ಆ ದೂರು ಬಂದಿಲ್ಲ. ಪಿಸಿ ಕಡೆ ಊಟದ ಹೊತ್ತಿಗೆ ಸ್ಲೀಪ್‌ಗೆ ಹೋಗುವುದನ್ನು ನಿಲ್ಲಿಸಿ, ನೆಟ್‌ವರ್ಕ್ ಕಾರ್ಡಿನ ಪವರ್ ಉಳಿಸುವ ಟಿಕ್ ತೆಗೆಯಿರಿ. ಕನೆಕ್ಷನ್ ಒಮ್ಮೆ ಹೋದರೆ ಆಕ್ಸೆಸ್ ಮುಚ್ಚಿ ತೆರೆಯುವ ತನಕ 3146 ಎರರ್ ಬಿಡುವುದಿಲ್ಲ. ಮುಚ್ಚದೆ ಎಬ್ಬಿಸುವ ದಾರಿಯೂ ಒಂದಿದೆ. ಅದನ್ನೂ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಿಧಾನ ಅಂತ ಯಾರಾದರೂ ಕರೆದರೆ ಮೊದಲು ಓಡಿಬಿಸಿ ಅಡ್ಮಿನ್‌ನ ಟ್ರೇಸಿಂಗ್ ಟ್ಯಾಬ್ ನೋಡಿ. ಇಲ್ಲೊಂದು ಪಿಸಿಯಲ್ಲಿ ಯಾರೋ ಆನ್ ಮಾಡಿ ಬಿಟ್ಟಿದ್ದರು, ಎಸ್‌ಕ್ಯೂಎಲ್ ಲಾಗ್ ಫೈಲ್ ಹತ್ತಾರು ಜಿಬಿ ಆಗಿ ಸಿ ಡ್ರೈವ್ ಕೆಂಪಾಗಿತ್ತು. ಫೋನಿನಲ್ಲಿ ಮಾತ್ರ "ಸರ್ವರ್ ಸ್ಲೋ" ಅಂತ ಬೈಗುಳ.

ನಡುವೆ ಒಂದು ಹಳೇ ಪಿಸಿಗೆ ಲಿನಕ್ಸ್ ಮಿಂಟ್, ಲಿಬ್ರೆಆಫೀಸ್ ಬೇಸ್, ಯೂನಿಕ್ಸ್‌ಓಡಿಬಿಸಿ (ಲಿನಕ್ಸ್‌ನ ಓಡಿಬಿಸಿ) ಹಾಕಿ ನೋಡಿದೆ, ಆಫೀಸ್ ಲೈಸೆನ್ಸ್ ದುಡ್ಡು ಉಳಿಯುತ್ತದಾ ಅಂತ. ಅದರ ಐಎಸ್‌ಕ್ಯೂಎಲ್ ಕಮಾಂಡ್‌ನಲ್ಲಿ ಮೊದಲ ಸಲಕ್ಕೇ ಕನೆಕ್ಟ್ ಆಯಿತು, ಖುಷಿಯಾಯಿತು. ಆದರೆ ಆಕ್ಸೆಸ್ ಫಾರ್ಮ್‌ಗಳನ್ನು ಬೇಸ್‌ನಲ್ಲಿ ಮತ್ತೆ ಕಟ್ಟಬೇಕು, ಅದು ಯಾರಿಗೆ ಬೇಕು. ಆ ಪಿಸಿ ಈಗ ಗೇಟ್ ಹತ್ತಿರ ದರಪಟ್ಟಿ ಮಾತ್ರ ತೋರಿಸುತ್ತಿದೆ, ಚೆನ್ನಾಗಿ ತೋರಿಸುತ್ತಿದೆ.

ಇನ್ನೊಂದು ಊರಿನ ಶಾಖೆಗೆ ವೈರ್‌ಗಾರ್ಡ್ ವಿಪಿಎನ್ ಹಾಕಿ ಅದೇ ಫ್ರಂಟ್ ಎಂಡ್ ಕೊಟ್ಟೆ. ಪಿಂಗ್ 40-50 ಮಿಲಿಸೆಕೆಂಡ್, ನೋಡಲು ಏನೂ ಜಾಸ್ತಿ ಅಲ್ಲ. ಆದರೆ ಆಕ್ಸೆಸ್ ಮೊದಲು ಕೀಗಳನ್ನೆಲ್ಲ ತರಿಸಿಕೊಂಡು ಆಮೇಲೆ ಹತ್ತತ್ತು ಸಾಲು ಕೇಳುತ್ತಾ ಹೋಗುತ್ತದೆ, ಪ್ರತಿ ಸಲಕ್ಕೂ ಆ 50 ಕೂಡುತ್ತದೆ. ಇಲ್ಲಿ ಒಂದು ಸೆಕೆಂಡಿಗೆ ಏಳುವ ಫಾರ್ಮ್ ಅಲ್ಲಿ ಒಂದು ನಿಮಿಷ ದಾಟಿತು. ರಿಪೋರ್ಟ್‌ಗಳನ್ನು ಪಾಸ್-ಥ್ರೂ ಕ್ವೆರಿ (ಇಡೀ ಕೆಲಸ ಸರ್ವರ್‌ನಲ್ಲೇ ನಡೆಯುವ ಕ್ವೆರಿ) ಮಾಡಿದ ಮೇಲೆ ಅವು ಸರಿಯಾದವು, ಫಾರ್ಮ್‌ಗಳು ಮಾತ್ರ ಬಗ್ಗಲಿಲ್ಲ. ಕೊನೆಗೆ ಇಲ್ಲೇ ಮೂರು ಪಿಸಿ ಇಟ್ಟು ಶಾಖೆಯವರು ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಕೆಲಸ ಮಾಡುತ್ತಿದ್ದಾರೆ. ವೇಗದ ದೂರಿಲ್ಲ. ಡಾಟ್ ಮ್ಯಾಟ್ರಿಕ್ಸ್ ಬಿಲ್ ಮಾತ್ರ ಕೆಲವೊಮ್ಮೆ ಅಲ್ಲಿ ಬರುವ ಬದಲು ಇಲ್ಲಿ ಪ್ರಿಂಟ್ ಆಗುತ್ತದೆ, ಅದಕ್ಕೆ ಇನ್ನೂ ಸರಿಯಾದ ಮದ್ದು ಸಿಕ್ಕಿಲ್ಲ. ನಿಮ್ಮಲ್ಲಿ ಯಾರಾದರೂ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಡಾಟ್ ಮ್ಯಾಟ್ರಿಕ್ಸ್ ಪಳಗಿಸಿದ್ದರೆ ಹೇಳಿ, ಬದಲಿಗೆ ಆ 3146 ವಿಷಯ ಹೇಳಿಕೊಡುತ್ತೇನೆ.